ಬ್ರಾಡ್ ಬೀದಿಯ ಬಾವಿ: ಒಬ್ಬ ವೈದ್ಯ, ಒಬ್ಬ ಪಾದ್ರಿ

ಕಾಲರಾ ಎಂಬ ಹೆಸರನ್ನು ಕೇಳಿದೊಡನೆ ಇಂದಿನ ತರುಣರಿಗೆ ವಿಶೇಷ ಭಯವೇನೂ ಆಗಲಾರದು. ಅವರ ಅಜ್ಜ-ಮುತ್ತಜ್ಜಂದಿರ ಕಾಲದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೂ ಜನ ಅಂಜುತ್ತಿದ್ದರು. ಬೆಳಗ್ಗೆ ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೋದವನು ರಾತ್ರಿಯಾಗುವುದರೊಳಗೆ ಹೆಣವಾಗಿರುತ್ತಿದ್ದುದುಂಟು. ವಾಂತಿಯೂ ಭೇದಿಯೂ ಒಂದೇ ಸಮನೆ ಹತ್ತಿಕೊಂಡು, ಮೈಯೊಳಗಿನ ನೀರೆಲ್ಲ ಸೋರಿಹೋಗಿ, ಕಣ್ಣು ಗುಳಿಬಿದ್ದು, ಚರ್ಮ ನೀಲಿಗಟ್ಟಿ, ಎಷ್ಟೋ ವೇಳೆ ಕೊನೆಯವರೆಗೂ ಎಚ್ಚರವಿದ್ದಂತೆಯೇ ಪ್ರಾಣ ಹೋಗುವ ಕಾಯಿಲೆ ಇದು. ನಮ್ಮ ಹಳ್ಳಿಗಳಲ್ಲಿ ಇದನ್ನು ಮಾರಿಯ ಮುನಿಸೆಂದು ತಿಳಿದು ಹರಕೆ ಹೊತ್ತರು. ಅದೇ ಕಾಲದಲ್ಲಿ ಲಂಡನ್ನಿನ ವಿದ್ಯಾವಂತ ವೈದ್ಯರು ಇದನ್ನು ಕೊಳಕಿನಿಂದೇಳುವ ದುರ್ವಾಯುವಿನ ಫಲವೆಂದು ನಂಬಿ ಮೂಗು ಮುಚ್ಚಿಕೊಂಡರು. ಎರಡು ನಂಬಿಕೆಗಳಲ್ಲಿ ಯಾವುದು ಹೆಚ್ಚು ಶಾಸ್ತ್ರೀಯವೆಂದು ಹೇಳುವುದು ಕಷ್ಟ.

ಕಾಲರಾ ಕೆಟ್ಟ ನೀರಿನಿಂದ ಹರಡುತ್ತದೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಈ ಒಂದು ವಾಕ್ಯವನ್ನು ಲೋಕ ಒಪ್ಪಿಕೊಳ್ಳುವುದಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಬೇಕಾದ ಸಾಕ್ಷ್ಯದ ಮುಖ್ಯಭಾಗ ದೊರೆತದ್ದು ಲಂಡನ್ ನಗರದ ಒಂದು ಪ್ಯಾರಿಷ್ಷಿನ ಒಂದು ಬೀದಿಯಲ್ಲಿ. ಕಲೆಹಾಕಿದವರು ಇಬ್ಬರು: ಜಾನ್ ಸ್ನೋ ಎಂಬ ವೈದ್ಯ, ಹೆನ್ರಿ ವೈಟ್‌ಹೆಡ್ ಎಂಬ ಸಹಾಯಕ ಪಾದ್ರಿ. ಮೊದಲನೆಯವನ ಹೆಸರು ವೈದ್ಯಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ಎರಡನೆಯವನನ್ನು ನೆನೆಯುವವರು ಕಡಿಮೆ. ಆದರೆ ವೈದ್ಯನ ತರ್ಕಕ್ಕೆ ಬಲ ತಂದುಕೊಟ್ಟದ್ದು, ಅದನ್ನು ಸುಳ್ಳೆಂದು ತೋರಿಸಲು ಹೊರಟ ಈ ಪಾದ್ರಿಯ ಮನೆಮನೆಯ ಅಲೆದಾಟ.

ಒಂದು ಪ್ಯಾರಿಷ್, ಎರಡು ಲೋಕ

ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅದು ಕೇವಲ ಧರ್ಮದ ವಿಭಾಗವಾಗಿರಲಿಲ್ಲ. ಮಹಾನಗರಕ್ಕೆಲ್ಲ ಒಂದೇ ಪುರಸಭೆಯೆಂಬುದು ಆಗ ಲಂಡನ್ನಿನಲ್ಲಿ ಇರಲಿಲ್ಲ. ಬೀದಿಗೆ ಕಲ್ಲು ಹಾಸಿಸುವುದು, ದೀಪ ಹಚ್ಚಿಸುವುದು, ದಿಕ್ಕಿಲ್ಲದವರಿಗೆ ಅನ್ನ-ಆಶ್ರಯ ಒದಗಿಸುವುದು, ಸಾರ್ವಜನಿಕ ಪಂಪುಗಳನ್ನು ನೋಡಿಕೊಳ್ಳುವುದು ಮುಂತಾದ ಕೆಲಸಗಳೆಲ್ಲ ಬಹುಮಟ್ಟಿಗೆ ಪ್ಯಾರಿಷ್ಷಿನ ಹೊಣೆಯೇ ಆಗಿದ್ದವು. ಇದಕ್ಕಾಗಿ ವೆಸ್ಟ್ರಿ ಎಂಬ ಸ್ಥಳೀಯ ಸಭೆಯಿತ್ತು. ಬಡವರ ಯೋಗಕ್ಷೇಮಕ್ಕೆಂದು ಬೇರೊಂದು ಪಾಲಕ ಮಂಡಳಿಯಿತ್ತು.

ವೆಸ್ಟ್‌ಮಿನ್‌ಸ್ಟರಿನ ಸೇಂಟ್ ಜೇಮ್ಸ್ ಪ್ಯಾರಿಷ್ಷಿನಲ್ಲಿ 1851ರ ಜನಗಣತಿಯಂತೆ 36,000ಕ್ಕೂ ಹೆಚ್ಚು ಜನರಿದ್ದರು. ಅದರ ದಕ್ಷಿಣ ಭಾಗದಲ್ಲಿ ಪಿಕಾಡಿಲಿಯ ರಾಜಮಾರ್ಗ, ಶ್ರೀಮಂತರ ಸೌಧಗಳು, ಕ್ರಿಸ್ಟೊಫರ್ ರೆನ್ ಕಟ್ಟಿದ ಚರ್ಚು. ಉತ್ತರಕ್ಕೆ ನಡೆದರೆ ಸೋಹೋ ವಠಾರ. ಒಂದು ಕಾಲಕ್ಕೆ ಕುಲೀನರು ವಾಸಿಸಿದ್ದ ನಾಲ್ಕಂತಸ್ತಿನ ಮನೆಗಳನ್ನು ಅಲ್ಲಿ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟಿದ್ದರು. ದರ್ಜಿಗಳು, ಚಮ್ಮಾರರು, ಸಣ್ಣಪುಟ್ಟ ಕಾರ್ಖಾನೆಗಳ ಕೂಲಿಗಳು. ಕೋಣೆಗೊಂದು ಸಂಸಾರ, ಮನೆಗೆಲ್ಲ ಒಂದು ಕಕ್ಕಸು. ಮುಂಬಯಿಯ ಚಾಳುಗಳನ್ನು ಬಲ್ಲ ವಾಚಕರಿಗೆ ಈ ಬಾಳಿನ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಅಥವಾ ಅಂಗಳದಲ್ಲಿ ಇಟ್ಟಿಗೆಯಿಂದ ಕಟ್ಟಿದ ಮಲಗುಂಡಿಯಿರುತ್ತಿತ್ತು. ಖಾಸಗಿ ಕಂಪನಿಗಳ ನಲ್ಲಿಯ ನೀರು ದಿನದಲ್ಲಿ ಸ್ವಲ್ಪ ಹೊತ್ತು ಬಂದರೆ ಬಂತು. ಆದ್ದರಿಂದ ಬೀದಿಯ ಪಂಪಿಗೆ ಬಹಳ ಬೇಡಿಕೆ.

ಬ್ರಾಡ್ ಬೀದಿಯ ಪಂಪಿಗಂತೂ ಒಳ್ಳೆಯ ಹೆಸರಿತ್ತು. ಅದರ ಬಾವಿಯ ನೀರು ತಿಳಿಯಾಗಿ, ತಂಪಾಗಿ, ನಾಲಿಗೆಗೆ ಹಿತವಾಗಿರುತ್ತಿದ್ದಿತು. ಮನೆಯ ಹತ್ತಿರದ ಪಂಪನ್ನು ಬಿಟ್ಟು ಜನ ಇಲ್ಲಿಗೆ ಬರುತ್ತಿದ್ದರು. ಸುತ್ತಲಿನ ಹೆಂಡದಂಗಡಿಗಳಲ್ಲಿ ಮದ್ಯಕ್ಕೆ ಬೆರೆಸುತ್ತಿದ್ದುದು ಇದೇ ನೀರು. ಫಳಾರದಂಗಡಿಗಳಲ್ಲಿ ಊಟದ ಹೊತ್ತಿಗೆ ಕೊಡುತ್ತಿದ್ದುದೂ ಇದೇ ನೀರು. ಸಣ್ಣ ಅಂಗಡಿಗಳಲ್ಲಿ ಪುಡಿ ಹಾಕಿ ನೊರೆಯೆಬ್ಬಿಸಿ ಶರಬತ್ತೆಂದು ಮಾರುತ್ತಿದ್ದುದೂ ಇದನ್ನೇ.

ಹತ್ತು ದಿನಗಳು

ಕಾಲರಾ ಲಂಡನ್ನಿಗೆ ಹೊಸದೇನೂ ಆಗಿರಲಿಲ್ಲ. 1817ರಲ್ಲಿ ಬಂಗಾಳದಿಂದ ಹೊರಬಿದ್ದ ಈ ಪಿಡುಗು ಅಲೆಅಲೆಯಾಗಿ ದೇಶಗಳನ್ನು ದಾಟಿ 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರನ್ನೂ ಮರುವರ್ಷ ಲಂಡನ್ನನ್ನೂ ಮುಟ್ಟಿತ್ತು. 1848-49ರ ಎರಡನೆಯ ಹಾವಳಿಯಲ್ಲಿ ಆ ಒಂದು ನಗರದಲ್ಲೇ ಸುಮಾರು 14,000 ಜನ ಸತ್ತಿದ್ದರು. ಮೂರನೆಯದು 1853ರಲ್ಲಿ ಮೊದಲಾಯಿತು. ಆದರೆ 1854ರ ಆಗಸ್ಟ್ 31ರ ಗುರುವಾರ ರಾತ್ರಿ ಬ್ರಾಡ್ ಬೀದಿಯಲ್ಲಿ ಎದ್ದ ಹಾವಳಿಯಂಥದನ್ನು ಆ ನಗರ ಹಿಂದೆ ಕಂಡಿರಲಿಲ್ಲ. ಮೊದಲ ಮೂರು ದಿನಗಳಲ್ಲಿಯೇ ಆ ಬೀದಿ ಹಾಗೂ ಅದರ ಅಕ್ಕಪಕ್ಕದಲ್ಲಿ 127 ಜನ ಸತ್ತರು. ಹತ್ತು ದಿನಗಳಲ್ಲಿ, ಪಂಪಿನ ಸುತ್ತ 250 ಗಜಗಳೊಳಗೆ, ಸಾವಿನ ಸಂಖ್ಯೆ ಐನೂರನ್ನು ದಾಟಿತು. ಹಾವಳಿ ಮುಗಿಯುವಷ್ಟರಲ್ಲಿ ಒಟ್ಟು 616. ಕಾಲು ಗಟ್ಟಿಯಿದ್ದವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ವಾರದೊಳಗೆ ಮುಕ್ಕಾಲು ಪಾಲು ಜನ ಬೀದಿ ಬಿಟ್ಟಿದ್ದರು.

ಉಳಿದವರ ನಡುವೆ ಹಗಲಿರುಳು ಓಡಾಡಿದವನು ಬೆರ್ವಿಕ್ ಬೀದಿಯ ಸೇಂಟ್ ಲೂಕ್ ಚರ್ಚಿನ ಸಹಾಯಕ ಪಾದ್ರಿ ವೈಟ್‌ಹೆಡ್. ಇನ್ನೂ ಮೂವತ್ತು ತುಂಬಿರದ, ಮದುವೆಯಾಗದ ತರುಣ. 1851ರಿಂದಲೂ ಆ ಬೀದಿಗಳಲ್ಲಿ ಕೆಲಸ ಮಾಡುತ್ತಿದ್ದವನು. ಯಾವ ಮನೆಯ ಯಾವ ಅಂತಸ್ತಿನಲ್ಲಿ ಯಾರಿದ್ದಾರೆ, ಯಾರಿಗೆ ಎಷ್ಟು ಮಕ್ಕಳು, ಯಾರು ಯಾರ ಮನೆಗೆ ಹೋಗಿಬರುತ್ತಾರೆ ಎಂಬುದೆಲ್ಲ ಆತನಿಗೆ ತಿಳಿದಿತ್ತು. ಒಂದು ಮನೆಯಲ್ಲಿ ಸಾಯುತ್ತಿರುವವನ ಬಳಿ ಕುಳಿತು ಎದ್ದರೆ ಪಕ್ಕದ ಮನೆಯಿಂದ ಕರೆ. ದಣಿದಾಗ ಬ್ರಾಡ್ ಬೀದಿಯ ಪಂಪಿನ ನೀರಿಗೆ ಒಂದಿಷ್ಟು ಬ್ರಾಂಡಿ ಬೆರೆಸಿ ಆತನೂ ಕುಡಿದ. ಆತನಿಗೆ ಏನೂ ಆಗಲಿಲ್ಲ. ಮುಂದೆ ಆತ ಸ್ನೋನ ಮಾತನ್ನು ನಂಬದಿರಲು ಇದೂ ಒಂದು ಕಾರಣ.

ಈ ಹಾವಳಿ ಏಕೆ ಬಂತೆಂಬುದಕ್ಕೆ ವಠಾರದಲ್ಲಿ ಹಲವು ವಿವರಣೆಗಳು ಹುಟ್ಟಿದ್ದವು. 1665ರ ಮಹಾಪ್ಲೇಗಿನಲ್ಲಿ ಸತ್ತವರನ್ನು ಅಲ್ಲೇ ಹತ್ತಿರದಲ್ಲಿ ಹೂಳಲಾಗಿತ್ತೆಂದೂ, ಹೊಸ ಮೋರಿ ತೋಡುವಾಗ ಆ ನೆಲವನ್ನು ಕೆದಕಿದ್ದರಿಂದ ವಿಷಗಾಳಿ ಎದ್ದಿತೆಂದೂ ಜನ ಆಡಿಕೊಂಡರು. ಅಧಿಕಾರಿಗಳು ಬೀದಿಗಳಿಗೆ ಸುಣ್ಣದ ಕ್ಲೋರೈಡನ್ನು ಸುರಿಸಿದರು. ಅವರ ಶತ್ರು ವಾಸನೆ. ಬಡವರ ಕೊಳಕು ಮತ್ತು ಕುಡಿತವೇ ಇದಕ್ಕೆಲ್ಲ ಮೂಲವೆಂದು ತೀರ್ಪು ಕೊಟ್ಟ ದೊಡ್ಡ ಮನುಷ್ಯರೂ ಇದ್ದರು. ಆದರೆ ವೈಟ್‌ಹೆಡ್ ಮನೆಗಳ ಒಳಹೊಕ್ಕು ಕಂಡದ್ದೇ ಬೇರೆ. ಗಲೀಜಾದ ಕೆಲವು ಮನೆಗಳು ಪಾರಾಗಿದ್ದವು. ಒಪ್ಪವಾಗಿದ್ದ ಮನೆಗಳಲ್ಲಿ ಹೆಣಗಳು ಬಿದ್ದಿದ್ದವು. ಹಾವಳಿ ಇಳಿದ ಕೆಲವೇ ವಾರಗಳಲ್ಲಿ ಆತ ಈ ಅನುಭವವನ್ನೊಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಕಾರಣವೇನೆಂಬುದು ಆಗ ಆತನಿಗೆ ಹೊಳೆದಿರಲಿಲ್ಲ; ಹೊಳೆದಂತೆ ನಟಿಸಲೂ ಇಲ್ಲ.

ಎಂಬತ್ತಮೂರು ಹೆಸರುಗಳು

ಜಾನ್ ಸ್ನೋ ಅದೇ ಪ್ಯಾರಿಷ್ಷಿನ ಸ್ಯಾಕ್‌ವಿಲ್ ಬೀದಿಯ ನಿವಾಸಿ. 1813ರಲ್ಲಿ ಯಾರ್ಕ್ ನಗರದ ಒಬ್ಬ ಕೂಲಿಕಾರನ ಮಗನಾಗಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ನ್ಯೂಕ್ಯಾಸಲಿನ ಶಸ್ತ್ರವೈದ್ಯನೊಬ್ಬನ ಬಳಿ ಶಿಷ್ಯವೃತ್ತಿಗೆ ಸೇರಿದವನು. ಮಾಂಸ ಮುಟ್ಟದವನು, ಬದುಕಿನ ಬಹುಕಾಲ ಮದ್ಯವನ್ನೂ ಮುಟ್ಟದವನು. 1853ರ ಏಪ್ರಿಲಿನಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟು ಹೆಸರಾಗಿದ್ದ. ಆದರೆ ಆತನ ಮನಸ್ಸನ್ನು ಕೊರೆಯುತ್ತಿದ್ದುದು ಕಾಲರಾ. ಶಿಷ್ಯನಾಗಿದ್ದಾಗಲೇ ಕಿಲ್ಲಿಂಗ್‌ವರ್ತಿನ ಕಲ್ಲಿದ್ದಲ ಗಣಿಗಳಲ್ಲಿ ಅದರ ಹೊಡೆತವನ್ನು ಕಂಡಿದ್ದ. ಗಣಿಯೊಳಗೆ ಕಕ್ಕಸುಗಳಿಲ್ಲ, ಕೈ ತೊಳೆಯಲು ನೀರಿಲ್ಲ. ಗಣಿಗಾರರು ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು.

ಆತನ ತರ್ಕ ಸರಳವಾದದ್ದು. ವಿಷ ಗಾಳಿಯಲ್ಲಿದ್ದರೆ ಕಾಯಿಲೆ ಶ್ವಾಸಕೋಶದಲ್ಲಿ ಅಥವಾ ರಕ್ತದಲ್ಲಿ ಮೊದಲಾಗಬೇಕು. ಕಾಲರಾ ಮೊದಲಾಗುವುದು ಕರುಳಿನಲ್ಲಿ. ಆದ್ದರಿಂದ ಅದರ ಬೀಜ ಬಾಯಿಯ ಮೂಲಕ ಒಳಹೋಗಿ, ಅಲ್ಲಿ ವೃದ್ಧಿಯಾಗಿ, ರೋಗಿಯ ಮಲದೊಡನೆ ಹೊರಬಂದು, ನೀರು ಅಥವಾ ಕೈಯ ಮೂಲಕ ಮತ್ತೊಬ್ಬನ ಬಾಯಿ ಸೇರುತ್ತಿರಬೇಕು. ಇದನ್ನು 1849ರಲ್ಲಿಯೇ ಆತ ಪ್ರಕಟಿಸಿದ್ದ. ವೈದ್ಯಲೋಕ ಅದನ್ನು ಓದಿ ಬದಿಗಿಟ್ಟಿತ್ತು.

ಬ್ರಾಡ್ ಬೀದಿಯ ಸುದ್ದಿ ತಿಳಿದೊಡನೆ ಸ್ನೋ ಪಂಪಿನ ನೀರನ್ನು ತಂದು ಪರೀಕ್ಷಿಸಿದ. ಕಣ್ಣಿಗೆ ಬೀಳುವಂಥ ಕೊಳೆ ಅದರಲ್ಲಿ ಹೆಚ್ಚಿರಲಿಲ್ಲ. ಆತ ಅಲ್ಲಿಗೆ ಕೈಬಿಡಲಿಲ್ಲ. ಜನನ-ಮರಣ ನೋಂದಣಿಯ ಪ್ರಧಾನ ಕಚೇರಿಯಿಂದ ಆ ವಾರಾಂತ್ಯದ ಸಾವುಗಳ ಪಟ್ಟಿಯನ್ನು ಪಡೆದ. ಅದರಲ್ಲಿ 83 ಹೆಸರುಗಳಿದ್ದವು. ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ ಕೇಳುತ್ತ ಹೋದ: ಸತ್ತವರು ಕುಡಿಯುತ್ತಿದ್ದುದು ಯಾವ ನೀರು?

ಎಂಬತ್ತಮೂವರಲ್ಲಿ 73 ಮಂದಿ ಬ್ರಾಡ್ ಬೀದಿಯ ಪಂಪಿಗೆ ಹತ್ತಿರದಲ್ಲಿದ್ದವರು. ಅವರಲ್ಲಿ 61 ಜನ ಅದರ ನೀರನ್ನು ನಿತ್ಯವೋ ಆಗೀಗಲೋ ಕುಡಿದಿದ್ದರು. ಬೇರೆ ಪಂಪು ಹತ್ತಿರವಿದ್ದೂ ಸತ್ತವರು ಹತ್ತು ಮಂದಿ. ಅವರಲ್ಲಿ ಐವರ ಮನೆಯವರು ರುಚಿಗಾಗಿ ಬ್ರಾಡ್ ಬೀದಿಯಿಂದಲೇ ನೀರು ತರಿಸುತ್ತಿದ್ದರು. ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಫಳಾರದಂಗಡಿಯ ಒಡತಿಯೊಬ್ಬಳು ಸೆಪ್ಟೆಂಬರ್ 6ರಂದು ಸ್ನೋನಿಗೆ ಹೇಳಿದಳು: ತನ್ನ ಗಿರಾಕಿಗಳಲ್ಲಿ ಒಂಬತ್ತು ಮಂದಿ ಸತ್ತದ್ದು ತನಗೇ ಗೊತ್ತು ಎಂದು.

ಸತ್ತವರಷ್ಟೇ ಸಾಕ್ಷಿ ಬದುಕಿದವರೂ ನುಡಿದರು. ಪೋಲೆಂಡ್ ಬೀದಿಯ ಬಡವರ ಆಶ್ರಯಗೃಹದಲ್ಲಿ 535 ಜನರಿದ್ದರು. ಸುತ್ತಲಿನ ಮನೆಗಳಲ್ಲಿ ಸಾವು ತಾಂಡವವಾಡುತ್ತಿದ್ದರೂ ಅಲ್ಲಿ ಕಾಲರಾದಿಂದ ಸತ್ತವರು ಐವರೇ. ಆ ಗೃಹಕ್ಕೆ ಸ್ವಂತ ಬಾವಿಯಿತ್ತು. ಬ್ರಾಡ್ ಬೀದಿಯ ಬಿಯರ್ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಳುಗಳು, ಒಬ್ಬನೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರೇ ಸಿಗುತ್ತಿದ್ದುದರಿಂದ ಪಂಪಿನ ಕಡೆಗೆ ಹೋಗುವವರೇ ಇರಲಿಲ್ಲವೆಂದು ಮಾಲೀಕ ತಿಳಿಸಿದ. ಮದ್ಯದ ಕಡುವಿರೋಧಿಯಾಗಿದ್ದ ಸ್ನೋ ಈ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ಬರೆದುಕೊಂಡ. ಅದೇ ಬೀದಿಯಲ್ಲಿ ಕೋವಿಯ ಕೇಪುಗಳನ್ನು ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿ ಕೆಲಸಗಾರರ ಬಾಯಾರಿಕೆಗೆಂದು ಪಂಪಿನ ನೀರನ್ನು ಎರಡು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಸುಮಾರು ಇನ್ನೂರು ಜನರಲ್ಲಿ ಹದಿನೆಂಟು ಮಂದಿ ಸತ್ತರು.

ಈ ಕಾರ್ಖಾನೆಯ ಮಾಲೀಕರ ತಾಯಿಯ ಕಥೆ ವಿಷಾದಕರವಾದದ್ದು. ಈ ವಿಧವೆ ಬ್ರಾಡ್ ಬೀದಿಯನ್ನು ಬಿಟ್ಟು, ಊರ ಹೊರಗಿನ ದಿಬ್ಬದ ಮೇಲೆ ಗಾಳಿ-ಬೆಳಕು ಚೆನ್ನಾಗಿದ್ದ ಹ್ಯಾಂಪ್‌ಸ್ಟೆಡ್ಡಿಗೆ ಹೋಗಿ ನೆಲೆಸಿದ್ದಳು. ಆದರೆ ಹಳೆಯ ಬೀದಿಯ ನೀರಿನ ರುಚಿ ನಾಲಿಗೆಯನ್ನು ಬಿಟ್ಟಿರಲಿಲ್ಲ. ಮಕ್ಕಳು ದಿನವೂ ಗಾಡಿಯಲ್ಲಿ ಒಂದು ದೊಡ್ಡ ಸೀಸೆಯಷ್ಟು ಪಂಪಿನ ನೀರನ್ನು ಅವಳಿಗೆ ಕಳುಹಿಸುತ್ತಿದ್ದರು. ಆಗಸ್ಟ್ 31ರಂದೂ ಕಳುಹಿಸಿದರು. ಸೆಪ್ಟೆಂಬರ್ 2ರ ಶನಿವಾರ ಆಕೆ ತೀರಿಕೊಂಡಳು. ಅವಳನ್ನು ನೋಡಲು ಬಂದಿದ್ದ ಸೋದರ ಸಂಬಂಧದ ಹುಡುಗಿಯೂ ಆ ನೀರನ್ನು ಕುಡಿದು, ಇಸ್ಲಿಂಗ್‌ಟನ್ನಿನ ತನ್ನ ಮನೆಗೆ ಮರಳಿ, ಅಲ್ಲಿ ಸತ್ತಳು. ಹ್ಯಾಂಪ್‌ಸ್ಟೆಡ್ಡಿನಲ್ಲಾಗಲಿ ಇಸ್ಲಿಂಗ್‌ಟನ್ನಿನ ಆ ಭಾಗದಲ್ಲಾಗಲಿ ಆಗ ಕಾಲರಾ ಇರಲಿಲ್ಲ. ಊರು ಬಿಟ್ಟರೂ ಊರಿನ ನೀರನ್ನು ಮರೆಯಲಾರದವರ ಸಂಕಟ ನಮ್ಮಂಥವರಿಗೆ ಗೊತ್ತು. ಇಲ್ಲಿ ಅದೇ ಪ್ರಾಣಕ್ಕೆ ಎರವಾಯಿತು. ಸ್ನೋನಿಗೆ ದೊರೆತ ಸಾಕ್ಷ್ಯಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಬ್ರಾಡ್ ಬೀದಿಯ ಗಾಳಿ ಹ್ಯಾಂಪ್‌ಸ್ಟೆಡ್ಡಿಗೆ ಹೋಗಿರಲಿಲ್ಲ. ಹೋದದ್ದು ನೀರು ಮಾತ್ರ.

ಸೆಪ್ಟೆಂಬರ್ 7ರ ಗುರುವಾರ ಸಂಜೆ ಪ್ಯಾರಿಷ್ಷಿನ ಪಾಲಕ ಮಂಡಳಿ ಸಭೆ ಸೇರಿತ್ತು. ಸ್ನೋ ಅಲ್ಲಿಗೆ ಹೋಗಿ ತಾನು ಕಂಡದ್ದನ್ನು ಹೇಳಿದ. ಸಭೆಯಲ್ಲಿದ್ದವರು ಅದನ್ನು ನಂಬಿದರೆಂದು ತಿಳಿಯಬೇಕಾಗಿಲ್ಲ. ಆದರೆ ಬೇರೆ ದಾರಿಯೂ ಅವರಿಗೆ ತೋಚಲಿಲ್ಲ. ಮರುದಿನ ಪಂಪಿನ ಹಿಡಿಯನ್ನು ತೆಗೆಸಿದರು.

ಆ ಹಿಡಿ ತೆಗೆದೊಡನೆ ಕಾಲರಾ ನಿಂತಿತೆಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿರುವುದುಂಟು. ಸ್ನೋ ತನ್ನ ಪ್ರಸಿದ್ಧ ನಕ್ಷೆಯನ್ನು ಮಂಡಳಿಯ ಮುಂದೆ ಹರಡಿದನೆಂದೂ ಹೇಳುತ್ತಾರೆ. ಎರಡೂ ದಂತಕಥೆಗಳು. ಸಾವುಗಳನ್ನು ಮನೆಮನೆಯ ಮುಂದೆ ಕಪ್ಪು ಗೆರೆಗಳಾಗಿ ಗುರುತಿಸಿದ ನಕ್ಷೆ ಸಿದ್ಧವಾದದ್ದು ಹಾವಳಿ ಮುಗಿದ ಮೇಲೆ. ಅಚ್ಚಾದದ್ದು 1855ರ ಅವನ ಗ್ರಂಥದಲ್ಲಿ. ಜನ ಬೀದಿ ಬಿಟ್ಟು ಓಡಿದ್ದರಿಂದ ಹಾವಳಿ ಅದಾಗಲೇ ಇಳಿಮುಖವಾಗಿತ್ತೆಂದೂ, ಹಿಡಿ ತೆಗೆಯುವ ಹೊತ್ತಿಗೆ ಬಾವಿಯಲ್ಲಿ ವಿಷ ಉಳಿದಿತ್ತೋ ಇಲ್ಲವೋ ಹೇಳಲಾಗದೆಂದೂ ಸ್ನೋನೇ ಬರೆದಿದ್ದಾನೆ. ತನ್ನ ಗೆಲುವನ್ನು ತಾನೇ ತಗ್ಗಿಸಿ ಬರೆಯುವವರು ಯಾವ ಕಾಲದಲ್ಲೂ ವಿರಳ.

ಪಾದ್ರಿಯ ತಕರಾರು

ಆ ವರ್ಷದ ನವೆಂಬರಿನಲ್ಲಿ ಸೇಂಟ್ ಜೇಮ್ಸ್ ವೆಸ್ಟ್ರಿ ಕಾಲರಾ ವಿಚಾರಣೆಗಾಗಿ ಒಂದು ಸಮಿತಿಯನ್ನು ನೇಮಿಸಿತು. ಸ್ನೋನೂ ವೈಟ್‌ಹೆಡ್ಡನೂ ಅದರಲ್ಲಿ ಸೇರಿಕೊಂಡರು. ಸಮಗ್ರವಾದ ವಿಚಾರಣೆ ನಡೆದರೆ ಸ್ನೋನ ಊಹೆ ಬಿದ್ದುಹೋಗುವುದೆಂದು ವೈಟ್‌ಹೆಡ್ ದೃಢವಾಗಿ ನಂಬಿದ್ದ. ಆತನ ತಕರಾರು ಉಡಾಫೆಯದಲ್ಲ. ಕಾಯಿಲೆ ಬಿದ್ದ ಮೇಲೆ ಅದೇ ಪಂಪಿನ ನೀರನ್ನು ಕುಡಿದು ಗುಣವಾದವರನ್ನು ಆತ ಕಣ್ಣಾರೆ ಕಂಡಿದ್ದ. ಇನ್ನೊಂದು ಪ್ರಶ್ನೆ ಹೆಚ್ಚು ಹರಿತವಾದದ್ದು: ರೋಗಿಯೊಬ್ಬನ ಮಲದಿಂದ ಬಾವಿ ಕೆಟ್ಟಿತೆನ್ನುವುದಾದರೆ, ಮೊದಲ ದಿನಗಳಲ್ಲಿ ನೂರಾರು ಜನ ರೋಗಿಗಳಾದ ಮೇಲೆ ಅದು ಇನ್ನಷ್ಟು ಕೆಡಬೇಕಾಗಿತ್ತಲ್ಲವೇ? ಹಾವಳಿ ಏರುವುದರ ಬದಲು ಇಳಿದದ್ದೇಕೆ?

ಸ್ನೋನ ಬಳಿ ಇದಕ್ಕೆ ಉತ್ತರವಿರಲಿಲ್ಲ. ವೈಟ್‌ಹೆಡ್ ಬ್ರಾಡ್ ಬೀದಿಯೊಂದನ್ನೇ ಆರಿಸಿಕೊಂಡು ವಿಚಾರಣೆಗೆ ಇಳಿದ. 1855ರ ಮೊದಲ ತಿಂಗಳುಗಳವು. ಕೆಲವು ಮನೆಗಳಿಗೆ ನಾಲ್ಕೈದು ಸಲ ಹೋದ. ಸ್ನೋ ವಿಚಾರಿಸಿದ್ದು ಮುಖ್ಯವಾಗಿ ಸತ್ತವರ ಬಗ್ಗೆ. ವೈಟ್‌ಹೆಡ್ ಬದುಕಿದವರನ್ನೂ ಬಿಡಲಿಲ್ಲ, ಬೀದಿ ಬಿಟ್ಟು ಹೋದವರನ್ನೂ ಹುಡುಕಿಸಿದ. ಬಿಳಿ ಅಂಗಿಯ ಅಪರಿಚಿತ ಅಧಿಕಾರಿಗೆ ಈ ಜನ ಬಾಯಿ ಬಿಡುತ್ತಿದ್ದರೆಂದು ನಂಬುವುದು ಕಷ್ಟ. ತಮ್ಮ ಹೆಣಗಳ ಬಳಿ ಕುಳಿತಿದ್ದ ಪಾದ್ರಿಗೆ ಹೇಳಿದರು. ಮೊದಲ ಸಲ ಇಲ್ಲವೆಂದವರು ಎರಡನೆಯ ಸಲ ನೆನಪಿಸಿಕೊಂಡರು: ಆ ರಾತ್ರಿ ಮಗಳು ಒಂದು ತಂಬಿಗೆ ತಂದಿದ್ದಳು, ಹೌದು, ಪಂಪಿನಿಂದಲೇ.

ಲೆಕ್ಕ ಬೆಳೆಯುತ್ತ ಹೋದಂತೆ ಆತನ ನಂಬಿಕೆ ಅಲುಗಾಡತೊಡಗಿತು. ಪಂಪಿನ ನೀರು ಕುಡಿದಿದ್ದ 137 ಜನರಲ್ಲಿ 80 ಮಂದಿಗೆ ಕಾಯಿಲೆ ತಗಲಿತ್ತು. ಕುಡಿಯದಿದ್ದ 297 ಜನರಲ್ಲಿ ತಗಲಿದ್ದು 20 ಮಂದಿಗೆ. ಒಂಟಿ ಮುದುಕರೂ ಮುದುಕಿಯರೂ ಹೆಚ್ಚಾಗಿ ಬದುಕಿ ಉಳಿದಿದ್ದರು. ದುರ್ಬಲರಾದ ಅವರೇ ಮೊದಲು ಸಾಯಬೇಕಿತ್ತು. ಅವರಿಗೆ ಪಂಪಿನಿಂದ ನೀರು ಹೊತ್ತು ತಂದುಕೊಡುವ ಮಕ್ಕಳಿರಲಿಲ್ಲ ಎಂಬುದೇ ಅವರನ್ನು ಉಳಿಸಿದ ಭಾಗ್ಯ.

ಆದರೆ ಹಾವಳಿ ಇಳಿದದ್ದೇಕೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಂದು ದಿನ ಬೇರೇನನ್ನೋ ಹುಡುಕುತ್ತ ಮರಣ ನೋಂದಣಿಯ ಪಟ್ಟಿಯನ್ನು ತಿರುವುತ್ತಿದ್ದಾಗ ಒಂದು ನಮೂದು ಆತನ ಕಣ್ಣಿಗೆ ಬಿತ್ತು. ಬ್ರಾಡ್ ಬೀದಿಯ 40ನೆಯ ಮನೆ. ಐದು ತಿಂಗಳ ಹೆಣ್ಣುಕೂಸು. ಸಾವು ಸೆಪ್ಟೆಂಬರ್ 2. ಅದಕ್ಕೆ ನಾಲ್ಕು ದಿನ ಮೊದಲು ಮೊದಲಾದ ಭೇದಿಯಿಂದ ಬಳಲಿ. ಆ ಮಗು ಸತ್ತದ್ದು ಆತನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಆ ನಾಲ್ಕು ದಿನಗಳ ಸಂಗತಿ. ಎಂದರೆ ಬೀದಿಯಲ್ಲಿ ಹಾವಳಿ ಏಳುವ ಮೊದಲೇ ಆ ಕೂಸಿಗೆ ಕಾಯಿಲೆ ಬಂದಿತ್ತು. ಪಂಪು ಇದ್ದದ್ದು ಆ ಮನೆಯ ಮುಂದೆಯೇ.

ವೈಟ್‌ಹೆಡ್ ನೇರವಾಗಿ ಆ ಮನೆಗೆ ಹೋದ. ತಾಯಿ ಅಲ್ಲಿಯೇ ಇದ್ದಳು. ಪೊಲೀಸ್ ಪೇದೆಯೊಬ್ಬನ ವಿಧವೆ. ಮಗುವಿನ ಹೊಲಸಾದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಆ ನೀರನ್ನು ಮನೆಯ ಮುಂಭಾಗದ ಮಲಗುಂಡಿಗೆ ಸುರಿದದ್ದಾಗಿ ಹೇಳಿದಳು. ಯಾವ ತಾಯಿಯಾದರೂ ಮಾಡುವ ಕೆಲಸ. ಏಪ್ರಿಲಿನಲ್ಲಿ ಸರ್ವೇಯರನು ನೆಲವನ್ನು ಅಗೆಸಿ ನೋಡಿದ. ಗುಂಡಿಯ ಇಟ್ಟಿಗೆಗಳು ಕೊಳೆತು ಕೈಗೆ ಕಳಚಿ ಬರುತ್ತಿದ್ದವು. ಅಲ್ಲಿಂದ ಬಾವಿಯ ಗೋಡೆಗೆ ಮೂರು ಅಡಿಯೂ ಇರಲಿಲ್ಲ. ನಡುವಿನ ಮಣ್ಣು ಹೊಲಸಿನಿಂದ ಜೌಗಾಗಿತ್ತು.

ಪಾದ್ರಿಯ ಪ್ರಶ್ನೆಗೆ ಉತ್ತರ ದೊರೆಯಿತು. ಬೀದಿಯಲ್ಲಿ ನೂರಾರು ರೋಗಿಗಳಿದ್ದರೂ ಬಾವಿಗೆ ಸೋರುತ್ತಿದ್ದುದು ಈ ಒಂದು ಮನೆಯ ಗುಂಡಿ. ಮಗು ಸತ್ತಿತು, ಬಟ್ಟೆ ತೊಳೆದ ನೀರು ನಿಂತಿತು, ಹಾವಳಿ ಇಳಿಯಿತು.

ಇದಕ್ಕೊಂದು ಕೊನೆಯ ತಿರುವಿದೆ. ಆ ಮಗುವಿನ ತಂದೆಯೂ ಕಾಲರಾಕ್ಕೆ ತುತ್ತಾಗಿ ಸೆಪ್ಟೆಂಬರ್ 19ರಂದು ಸತ್ತಿದ್ದ. ಆತ ಹಾಸಿಗೆ ಹಿಡಿದದ್ದು ಸೆಪ್ಟೆಂಬರ್ 8ರಂದು, ಪಂಪಿನ ಹಿಡಿ ತೆಗೆದ ಅದೇ ದಿನ. ಹನ್ನೊಂದು ದಿನಗಳ ಕಾಲ ಅದೇ ಮನೆಯಲ್ಲಿ ಕಾಲರಾ ರೋಗಿಯೊಬ್ಬನಿದ್ದ. ಗುಂಡಿ ಸೋರುತ್ತಲೇ ಇತ್ತು. ಹಿಡಿ ಅಲ್ಲಿಯೇ ಇದ್ದಿದ್ದರೆ, ಊರಿಗೆ ಮರಳತೊಡಗಿದ್ದ ಜನ ಮತ್ತೆ ಅದೇ ನೀರನ್ನು ಕುಡಿಯುತ್ತಿದ್ದರು. ಮೊದಲ ಹಾವಳಿಯನ್ನು ಆ ಹಿಡಿ ನಿಲ್ಲಿಸಿರಲಿಕ್ಕಿಲ್ಲ, ಎರಡನೆಯದನ್ನು ತಡೆದಿದ್ದಿರಬಹುದು. ಸ್ನೋ ತನಗಾಗಿ ಕೇಳದ ಈ ಕೀರ್ತಿಯನ್ನು ಆತನಿಗೆ ಸಲ್ಲಿಸಿದವನು, ಆತನನ್ನು ಖಂಡಿಸಲು ಹೊರಟಿದ್ದ ವೈಟ್‌ಹೆಡ್.

ನಂಬಿಕೆಗೆ ಹಿಡಿದ ಕಾಲ

1855ರ ಜುಲೈ ವೇಳೆಗೆ ಪ್ಯಾರಿಷ್ ಸಮಿತಿ ತನ್ನ ವರದಿಯನ್ನು ಪೂರೈಸಿ, ಹಾವಳಿಗೆ ಬಾವಿಯ ನೀರೇ ಕಾರಣವೆಂದಿತು. ಸರ್ಕಾರದ ಆರೋಗ್ಯ ಮಂಡಳಿ ಮಾತ್ರ ತನ್ನದೇ ವಿಚಾರಣೆ ನಡೆಸಿ ಸ್ನೋನ ವಾದವನ್ನು ತಳ್ಳಿಹಾಕಿ ದುರ್ವಾಯುವಿಗೇ ಅಂಟಿಕೊಂಡಿತು. ಸ್ನೋ ಅಷ್ಟರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಇನ್ನೂ ದೊಡ್ಡ ಲೆಕ್ಕವೊಂದನ್ನು ಮುಗಿಸಿದ್ದ. ಅಲ್ಲಿ ಎರಡು ಕಂಪನಿಗಳ ಕೊಳವೆಗಳು ಒಂದೇ ಬೀದಿಯಲ್ಲಿ ಹರಿಯುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ಥೇಮ್ಸ್ ನದಿಯ ಮೇಲ್ಭಾಗಕ್ಕೆ ಹೋಗಿ ಶುದ್ಧ ನೀರೆತ್ತತೊಡಗಿತ್ತು. ಇನ್ನೊಂದು ನಗರದ ಹೊಲಸು ಸೇರಿದ ಕಡೆಯಲ್ಲೇ ಎತ್ತುತ್ತಿತ್ತು. ಹಾವಳಿಯ ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ತಿನ ಗಿರಾಕಿಗಳಲ್ಲಿ 37 ಸಾವು, ಇನ್ನೊಂದರ ಗಿರಾಕಿಗಳಲ್ಲಿ 315. ಇದೂ ಅಧಿಕಾರಸ್ಥರ ಮನಸ್ಸನ್ನು ಕದಲಿಸಲಿಲ್ಲ.

1858ರ ಜೂನ್ 16ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಸ್ನೋ ಮೆದುಳಿನ ಆಘಾತದಿಂದ ತೀರಿಕೊಂಡ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಬರೆದ ಚುಟುಕು ಮರಣವಾರ್ತೆಯಲ್ಲಿ ಕ್ಲೋರೋಫಾರ್ಮಿನ ಮಾತಿತ್ತು, ಕಾಲರಾದ ಮಾತಿರಲಿಲ್ಲ. ಆ ಕೊರತೆಯನ್ನು ಪತ್ರಿಕೆ ತುಂಬಿಕೊಟ್ಟದ್ದು 2013ರಲ್ಲಿ, 155 ವರ್ಷಗಳ ತರುವಾಯ. ಆತ ಸತ್ತ ಬೇಸಿಗೆಯಲ್ಲಿಯೇ ಥೇಮ್ಸ್ ನದಿ ನಾತ ಹೊಡೆದು ಪಾರ್ಲಿಮೆಂಟಿನ ಸದಸ್ಯರು ಕೂರಲಾರದಂತಾಯಿತು. ವರ್ಷಗಟ್ಟಲೆ ಎಳೆದಾಡಿದ್ದ ಒಳಚರಂಡಿ ಯೋಜನೆಗೆ ಕೂಡಲೇ ಹಣ ಮಂಜೂರಾಯಿತು. ಜೋಸೆಫ್ ಬೇಜಲ್‌ಗೆಟ್ ಎಂಬ ಎಂಜಿನಿಯರ್ ಕಟ್ಟಿದ ಆ ಮಹಾಮೋರಿಗಳು ಕಾಲರಾವನ್ನು ಲಂಡನ್ನಿನಿಂದ ಹೊರಹಾಕಿದವು. ದುರ್ವಾಸನೆಯನ್ನು ಓಡಿಸಲೆಂದು ಮಾಡಿದ ಕೆಲಸ ನೀರನ್ನು ಶುದ್ಧಗೊಳಿಸಿತು. ತಪ್ಪು ಕಾರಣಕ್ಕೆ ಸರಿಯಾದ ಕೆಲಸ ನಡೆದದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

1866ರಲ್ಲಿ ಕಾಲರಾ ಕೊನೆಯ ಬಾರಿಗೆ ಲಂಡನ್ನಿಗೆ ಬಂದು, ಹೊಸ ಮೋರಿಗಳು ಇನ್ನೂ ಪೂರ್ತಿಯಾಗದಿದ್ದ ಪೂರ್ವಭಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ಆಗ ಒಂದು ನೀರಿನ ಕಂಪನಿಯ ಮೇಲೆ ಬೆರಳು ತೋರಿಸಿದವನು ಅಂಕಿಅಂಶಗಳ ಅಧಿಕಾರಿ ವಿಲಿಯಂ ಫಾರ್, ಹಿಂದೆ ಸ್ನೋನಿಗೆ ಸಾವಿನ ಪಟ್ಟಿ ಒದಗಿಸಿದವನು. ತಾನು ಮಾತ್ರ ಬಹುಕಾಲ ದುರ್ವಾಯುವನ್ನು ನಂಬಿದ್ದವನು. ಆ ವಿಚಾರಣೆಯಲ್ಲಿಯೂ ವೈಟ್‌ಹೆಡ್ ಮನೆಮನೆ ತಿರುಗಿದ.

ಕಾಲರಾದ ಬೀಜ ಕಣ್ಣಿಗೆ ಬಿದ್ದದ್ದು ಅದೇ 1854ರಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ. ಫಿಲಿಪ್ಪೋ ಪಾಚಿನಿ ಎಂಬ ವೈದ್ಯ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದರೂ ಯಾರೂ ಗಮನಿಸಲಿಲ್ಲ. ಲೋಕ ಒಪ್ಪಿದ್ದು ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಗೆ ಬಂದು, ರೋಗಿಗಳ ಕರುಳಿನಲ್ಲಿಯೂ ಜನ ಬಳಸುತ್ತಿದ್ದ ಒಂದು ಕೆರೆಯ ನೀರಿನಲ್ಲಿಯೂ ಅದನ್ನು ತೋರಿಸಿಕೊಟ್ಟ ಮೇಲೆ. ಮುಂದಿನ ಎರಡು ಮುಖ್ಯ ಹೆಜ್ಜೆಗಳೂ ಬಂಗಾಳದವೇ. ಆ ಜೀವಾಣು ಹೊರಬಿಡುವ ವಿಷವೇ ಕರುಳಿನಿಂದ ನೀರನ್ನು ಹೀರಿ ಹೊರಹಾಕುತ್ತದೆಂದು ಶಂಭುನಾಥ ಡೇ 1959ರಲ್ಲಿ ಸಿದ್ಧಪಡಿಸಿದರು. 1971ರ ನಿರಾಶ್ರಿತರ ಮಹಾಪೂರದಲ್ಲಿ, ಬನಗಾಂವಿನ ಶಿಬಿರದಲ್ಲಿ ಸಲೈನ್ ಸೀಸೆಗಳು ಮುಗಿದುಹೋದಾಗ, ದಿಲೀಪ್ ಮಹಲಾನಬಿಸ್ ಸಕ್ಕರೆಯಂಶ, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗಿಳಿಸಿದರು. ಕೆಟ್ಟ ನೀರಿನಿಂದ ಬಂದ ರೋಗಕ್ಕೆ ಒಳ್ಳೆಯ ನೀರೇ ಔಷಧಿಯಾಯಿತು.

ವೈಟ್‌ಹೆಡ್ 1874ರಲ್ಲಿ ಲಂಡನ್ನನ್ನು ಬಿಟ್ಟು ಉತ್ತರದ ಹಳ್ಳಿಗಾಡಿನ ಚರ್ಚುಗಳಿಗೆ ಹೋದ; ತೀರಿಕೊಂಡದ್ದು 1896ರಲ್ಲಿ. ಕೊನೆಯವರೆಗೂ ಆತನ ಓದುವ ಕೋಣೆಯಲ್ಲಿ ಸ್ನೋನ ಚಿತ್ರವೊಂದಿತ್ತು. ಬ್ರಾಡ್ ಬೀದಿ 1936ರಿಂದ ಬ್ರಾಡ್‌ವಿಕ್ ಬೀದಿಯಾಗಿದೆ. ಅಲ್ಲಿ ಈಗ ನಿಲ್ಲಿಸಿರುವ ಮಾದರಿ ಪಂಪಿಗೆ ಹಿಡಿಯಿಲ್ಲ. ಪಕ್ಕದಲ್ಲೊಂದು ಹೆಂಡದಂಗಡಿಯಿದೆ. ಬಾಳಿನ ಬಹುಕಾಲ ಮದ್ಯವನ್ನು ಮುಟ್ಟದಿದ್ದ ಜಾನ್ ಸ್ನೋನ ಹೆಸರನ್ನು ಇಟ್ಟಿರುವುದು ಅದಕ್ಕೆ.